ಮನೆ ಹಾಸನ, ಬೇಸ್ ದೆಹಲಿ. ಈ ಪೈಲಟ್ ಕೆಲಸ ಒಪ್ಪಿಕೊಳ್ಳಲಾ?

ಬಿಸಿಲೆ ಮಂಜು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಾನು ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದಲ್ಲಿ ಕೋ-ಪೈಲಟ್. ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ಬೆಂಗಳೂರು. ಮನೆ ಹಾಸನ. ತೋಟ ಸಕಲೇಶಪುರದ ಆಚೆ, 14 ಎಕರೆ, ಹೆಚ್ಚಿನದು ರೊಬಸ್ಟಾ. ಅದನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ. ಮಗಳಿಗೆ 5 ವರ್ಷ, ಯುಕೆಜಿ. ಮನೆಯಲ್ಲಿ ವಯಸ್ಸಾದವರು ಇಬ್ಬರಿದ್ದಾರೆ. ದೇವನಹಳ್ಳಿ ಏರ್‌ಪೋರ್ಟ್ ಹತ್ತಿರ ಸಾದಹಳ್ಳಿಯಲ್ಲಿ ಮೂವರು ಸೇರಿ ಒಂದು ರೂಮ್ ಮಾಡಿದ್ದೇವೆ. ಡ್ಯೂಟಿ ಇದ್ದಾಗ ಅಲ್ಲಿ, ರಜೆ ಬಂದರೆ ಹಾಸನ. ಕಾರಿನಲ್ಲಿ ನಾಲ್ಕು ಗಂಟೆ ಬೇಕು.

ಈಗ ಬೇರೆ ಕಂಪನಿಯಿಂದ ಎ320 ಎಂಬ ದೊಡ್ಡ ಜೆಟ್ ವಿಮಾನದ ಕೋ-ಪೈಲಟ್ ಕೆಲಸ ಬಂದಿದೆ. ಸಂಬಳ ಈಗಿನದಕ್ಕಿಂತ ಹೆಚ್ಚು ಕಡಿಮೆ ಒಂದೂವರೆ ಪಟ್ಟು. ಆದರೆ ಬೇಸ್ ದೆಹಲಿ. "ಒಂದು ವರ್ಷ ತಡೆಯಿರಿ, ಬೆಂಗಳೂರು ಕೊಡುತ್ತೇವೆ" ಎಂದು ಫೋನಿನಲ್ಲಿ ಹೇಳಿದರು. ಇಲ್ಲೇ ಇದ್ದರೆ ಮುಂದಿನ ವರ್ಷ ಕ್ಯಾಪ್ಟನ್ ಆಗುವ ಸಾಧ್ಯತೆ ಇದೆ. ತರಬೇತಿಗೆ ಮಾಡಿದ ಸಾಲದಲ್ಲಿ ಇನ್ನೂ 31 ಲಕ್ಷ ಬಾಕಿ.

ದೊಡ್ಡ ವಿಮಾನ ಹಾರಿಸಬೇಕು ಅನ್ನುವ ಆಸೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಹಾಗೆಂದು ಮಗಳು ವಾರಕ್ಕೆ ಒಂದು ದಿನ ನನ್ನನ್ನು ನೋಡುವಂತೆ ಆಗುವುದೂ ಬೇಡ. ಇಂಥ ಓಡಾಟ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಕೆಎ13 ಸ್ವಾಮಿ
ಹಾಸನದಿಂದ ದೆಹಲಿಗೆ ಡೈಲಿ ಅಪ್ ಅಂಡ್ ಡೌನ್ ಅಂದುಕೊಂಡು ಓಡಿ ಬಂದೆ. ನಾನು ಚನ್ನರಾಯಪಟ್ಟಣಕ್ಕೆ ಹೋಗಿ ಬರುವುದಕ್ಕೇ ಸುಸ್ತು.

ಅಡಿಕೆ ಗೊನೆ
ಮಂಜಣ್ಣ, ಕಣ್ಣು ಮುಚ್ಚಿಕೊಂಡು ದೆಹಲಿಗೆ ಹೋಗಿ. ತೋಟವನ್ನೇ ಸಂಭಾಳಿಸುವ ಹೆಂಡತಿ ಅಂದರೆ ಗಟ್ಟಿಗಿತ್ತಿ ಬಿಡಿ, ಮನೆ ಯಾವ ಲೆಕ್ಕ. ಮಕ್ಕಳು ಹೇಗೋ ಬೆಳೆಯುತ್ತವೆ. ನಮ್ಮಪ್ಪ ವರ್ಷಕ್ಕೆ ಎಂಟು ತಿಂಗಳು ಮಂಡಿಯಲ್ಲೇ ಇರುತ್ತಿದ್ದರು, ನಾವೇನು ಹಾಳಾದೆವಾ? ಸಾಲ ಮೊದಲು ತೀರಲಿ.

ಎಡಗಡೆ ಸೀಟು
ನಾನು ಚಿಕ್ಕಮಗಳೂರಿನವನು, ಕ್ಯಾಪ್ಟನ್. 19 ವರ್ಷದಿಂದ ಹಾರಿಸುತ್ತಿದ್ದೇನೆ, ಅದರಲ್ಲಿ 3 ವರ್ಷ ಬೇಸ್ ಮುಂಬೈ, ಸಂಸಾರ ಚಿಕ್ಕಮಗಳೂರು. ಹಾಗಾಗಿ ನೇರವಾಗಿ ಲೆಕ್ಕ ಕೊಡುತ್ತೇನೆ.

ಹೊಸ ನಿಯಮದಲ್ಲಿ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆ ಆಗಿದೆ. ಕೇಳಲು ಚೆನ್ನಾಗಿದೆ. ಈಗ ದೆಹಲಿ ಬೇಸ್ ಇಟ್ಟುಕೊಂಡು ನೋಡಿ. ಶುಕ್ರವಾರ ರಾತ್ರಿ 10ಕ್ಕೆ ಡ್ಯೂಟಿ ಮುಗಿಯಿತು. ಆ ಹೊತ್ತಿಗೆ ಬೆಂಗಳೂರಿಗೆ ಸೀಟು ಸಿಗುವುದಿಲ್ಲ. ರೂಮಿಗೆ ಹೋಗಿ ಮಲಗಿ, ಶನಿವಾರ ಬೆಳಗ್ಗೆ 6ರ ವಿಮಾನ. 9ಕ್ಕೆ ದೇವನಹಳ್ಳಿ. ಒಂದೂವರೆಗೆ ಹಾಸನ. ಭಾನುವಾರ ರಾತ್ರಿ 10ಕ್ಕೆ ವಿಶ್ರಾಂತಿ ಮುಗಿಯುತ್ತದೆ, ಸೋಮವಾರ ಬೆಳಗ್ಗೆ ಡ್ಯೂಟಿ. ಅಂದರೆ ಭಾನುವಾರ ಸಂಜೆ ಆರೂವರೆ ವಿಮಾನ ಹಿಡಿಯಬೇಕು, ಅದಕ್ಕೆ ಹಾಸನವನ್ನು ಮಧ್ಯಾಹ್ನ ಹನ್ನೆರಡೂವರೆಗೆ ಬಿಡಬೇಕು. ಮನೆಯಲ್ಲಿ ಸಿಕ್ಕಿದ್ದು 23 ಗಂಟೆ. ಅದರಲ್ಲಿ 8 ಗಂಟೆ ನಿದ್ದೆ. ಇದು ಸ್ಟಾಫ್ ಟಿಕೆಟ್‌ನಲ್ಲಿ ಎರಡು ಸಲವೂ ಸೀಟು ಸಿಕ್ಕಿದರೆ. ವಿಮಾನ ಫುಲ್ ಆಗಿದ್ದರೆ ನಾವು ಕೌಂಟರ್ ಮುಂದೆ ನಿಂತು ಬೇರೆಯವರ ಮುಖ ನೋಡುತ್ತಿರಬೇಕು. ದಸರಾ, ದೀಪಾವಳಿ ವಾರದಲ್ಲಂತೂ ಕೇಳಲೇಬೇಡಿ.

ರಜೆ ಎಷ್ಟು ದಿನ ಎಂದು ಎಣಿಸಬೇಡಿ. ನಿಮ್ಮ ಸ್ವಂತ ಹಾಸಿಗೆಯಲ್ಲಿ ಎಷ್ಟು ರಾತ್ರಿ ಮಲಗುತ್ತೀರಿ ಎಣಿಸಿ. ಮುಂಬೈ ಬೇಸ್‌ನ ಎರಡನೇ ವರ್ಷ ನಾನು ಡೈರಿಯಲ್ಲಿ ಬರೆದಿಟ್ಟಿದ್ದೆ. 61 ರಾತ್ರಿ.

ಕೊಟ್ಟಿಗೆಹಾರ ನೀರ್‌ದೋಸೆ
61?? ವರ್ಷಕ್ಕಾ?

ಎಡಗಡೆ ಸೀಟು
ವರ್ಷಕ್ಕೆ. ತಿಂಗಳಿಗೆ ಐದು.

ಕೆಎ13 ಸ್ವಾಮಿ
ನಾನು ಮನೆಯಲ್ಲೇ 365 ರಾತ್ರಿ ಇರುತ್ತೇನೆ. ನಮ್ಮವಳು ವರ್ಷಕ್ಕೆ 61 ಸಾಕು ಅನ್ನುತ್ತಾಳೆ.

ಲೆಕ್ಕದ ಮೇಷ್ಟ್ರು
ಕ್ಯಾಪ್ಟನ್ ಸಾರ್ ಲೆಕ್ಕ ಸರಿ. ಆದರೆ ಬೆಂಗಳೂರಿಗೂ ಅದನ್ನೇ ಹಾಕಿ ನೋಡಬೇಕಲ್ವಾ? ಶುಕ್ರವಾರ ರಾತ್ರಿ 10ಕ್ಕೆ ದೇವನಹಳ್ಳಿಯಲ್ಲಿ ಡ್ಯೂಟಿ ಮುಗಿದರೆ ಆ ರಾತ್ರಿ ಗಾಡಿ ಓಡಿಸಬಾರದು. ಸಾದಹಳ್ಳಿಯಲ್ಲಿ ಮಲಗಿ, ಬೆಳಗ್ಗೆ ಐದೂವರೆಗೆ ಬಿಟ್ಟರೆ ಒಂಬತ್ತೂವರೆಗೆ ಹಾಸನ. ಭಾನುವಾರ ಸಂಜೆ ಐದೂವರೆಗೆ ವಾಪಸ್. 32 ಗಂಟೆ. ಒಂಬತ್ತು ಗಂಟೆ ಜಾಸ್ತಿ ಸಿಕ್ಕಿತು, ಆದರೆ ರಾತ್ರಿ ಮಾತ್ರ ಎರಡರಲ್ಲೂ ಒಂದೇ! ಅಂದರೆ ಈಗಲೂ ನೀವು ಅಷ್ಟೇನೂ ಮನೆಯಲ್ಲಿ ಇಲ್ಲ. ಸಮಸ್ಯೆ ದೆಹಲಿಯದೋ, ಹಾಸನದ್ದೋ?

ಬಿಸಿಲೆ ಮಂಜು
ಮೇಷ್ಟ್ರೇ, ಇದನ್ನು ಓದಿ ಐದು ನಿಮಿಷ ಸುಮ್ನೆ ಕೂತೆ. ನಾನು ಇದುವರೆಗೆ ಹೀಗೆ ಎಣಿಸಿಯೇ ಇರಲಿಲ್ಲ.

ಇನ್ನೊಂದು ಮಾತು. ಇಲ್ಲಿ ಮಂಜಣ್ಣ, ಹೆಂಡತಿ ಎಂದೆಲ್ಲ ಬರುತ್ತಿದೆ. ಮಂಜು ಅಂದರೆ ಮಂಜುನಾಥ ಅಲ್ಲ. ಬಿಸಿಲೆ ಘಾಟ್‌ನಲ್ಲಿ ಬೀಳುತ್ತದಲ್ಲ, ಆ ಮಂಜು. ನಾನು ಅಣ್ಣ ಅಲ್ಲ, ಅಕ್ಕ. ತೋಟ ನೋಡಿಕೊಳ್ಳುವುದು ನನ್ನ ಗಂಡ. ವಯಸ್ಸಾದವರು ನಮ್ಮ ಅತ್ತೆ, ಮಾವ.

ಅಡಿಕೆ ಗೊನೆ
ಅಯ್ಯೋ, ಸಾರಿ ಅಕ್ಕ, ಗೊತ್ತಾಗಲಿಲ್ಲ. ಹಾಗಾದರೆ ದೆಹಲಿ ಬೇಡ. ಹೆಣ್ಣು ಮಗು, ಇನ್ನೂ 5 ವರ್ಷ. ತಾಯಿ ಹತ್ತಿರ ಇರಬೇಕು.

ಡಿಪೋ ಮಗಳು
ಗೊನೆ ಸಾರ್, ಒಂದು ಗಂಟೆ ಹಿಂದೆ ಮಕ್ಕಳು ಹೇಗೋ ಬೆಳೆಯುತ್ತಿದ್ದವು. ಅಷ್ಟರಲ್ಲಿ ಏನಾಯಿತು?

ಅಡಿಕೆ ಗೊನೆ
ತಪ್ಪು ಹುಡುಕಬೇಡಿ ಮೇಡಂ. ಒಳ್ಳೆಯದಕ್ಕೇ ಹೇಳಿದ್ದು.

ಮರಳುಗಾಡಿನ ಮಲ್ಲಿಗೆ
ಅವರು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ ಬಿಡಿ, ನಮ್ಮತ್ತೆಯೂ ಹಾಗೇ. ಪೈಲಟ್‌ಗಳಲ್ಲಿ ಹೆಂಗಸರ ಪಾಲು ನಮ್ಮ ದೇಶದಲ್ಲೇ ಜಾಸ್ತಿ, ನೂರಕ್ಕೆ ಸುಮಾರು 15. ಆದರೂ ಪೈಲಟ್ ಅಂದ ಕೂಡಲೇ ಎಲ್ಲರ ತಲೆಗೆ ಗಂಡಸೇ ಬರುತ್ತಾನೆ.

ನನ್ನ ಗಂಡ ಗಲ್ಫ್‌ನಲ್ಲಿ ಪೈಲಟ್. ಮನೆ, ಮಕ್ಕಳ ಸ್ಕೂಲ್ ಫೀಸು ಎಲ್ಲ ಕಂಪನಿಯದೇ. ನಾವೂ ಇಲ್ಲೇ ಇದ್ದೇವೆ. ಓಡಾಟದ ತಾಪತ್ರಯ ಇಲ್ಲ, ಮನೆಯಿಂದ ಏರ್‌ಪೋರ್ಟ್ ಇಪ್ಪತ್ತು ನಿಮಿಷ. ಆದರೆ ಅವರು ಮನೆಯಲ್ಲಿದ್ದಾಗಲೂ ಅರ್ಧ ಇರುವುದಿಲ್ಲ. ಮೂರು ದಿನ ಅಮೆರಿಕ, ಎರಡು ದಿನ ಆಸ್ಟ್ರೇಲಿಯ. ಬಂದವರಿಗೆ ಹಗಲು ನಿದ್ದೆ, ರಾತ್ರಿ ಎಚ್ಚರ. ಬೆಳಗಿನ ಜಾವ ಮೂರಕ್ಕೆ ಎದ್ದು ಅಡುಗೆಮನೆಯಲ್ಲಿ ಉಪ್ಪಿಟ್ಟು ಮಾಡುತ್ತಿರುತ್ತಾರೆ. ಹತ್ತಿರ ಮನೆ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ.

ಡಿಪೋ ಮಗಳು
ನಿದ್ದೆ ವಿಷಯ ಬಂತಲ್ಲ, ನಾನೂ ಹೇಳುತ್ತೇನೆ. ನಮ್ಮಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್, ಹಾಸನ ಡಿಪೋ. ರಾತ್ರಿ ಸರ್ವಿಸ್ ಜಾಸ್ತಿ. ಬೆಳಗ್ಗೆ ಎಂಟಕ್ಕೆ ಮನೆಗೆ ಬಂದು, ಸ್ನಾನ ಮಾಡಿ, ಮುದ್ದೆ ಉಂಡು ಮಲಗುತ್ತಿದ್ದರು. ಒಂಬತ್ತರಿಂದ ಎರಡರ ತನಕ ಮನೆಯಲ್ಲಿ ಕುಕ್ಕರ್ ಕೂಗಬಾರದು. ಅಮ್ಮ ಬೇಳೆಯನ್ನು ಪಕ್ಕದ ಮನೆಗೆ ತೆಗೆದುಕೊಂಡು ಹೋಗಿ ಬೇಯಿಸಿಕೊಂಡು ಬರುತ್ತಿದ್ದರು. ರಜೆಯಲ್ಲಿ ನಾವು ಮಕ್ಕಳು ಚೌಕಾಬಾರ ಆಡುವಾಗ ಕವಡೆ ಬಿದ್ದ ಸದ್ದು ಕೇಳಬಾರದೆಂದು ಟವೆಲ್ ಹಾಸುತ್ತಿದ್ದೆವು.

ಅಪ್ಪ ಮನೆಯಲ್ಲಿ ಇರಲಿಲ್ಲ ಎಂದು ನನಗೆ ಯಾವತ್ತೂ ಅನಿಸಿಲ್ಲ. ಆದರೆ ಯಾವತ್ತು ಇರುತ್ತಾರೆ ಎಂದು ಗೊತ್ತಿರುತ್ತಿತ್ತು. ಡ್ಯೂಟಿ ಚಾರ್ಟ್ ಬಂದ ದಿನವೇ ಕ್ಯಾಲೆಂಡರ್‌ನಲ್ಲಿ ಸುತ್ತು ಹಾಕುತ್ತಿದ್ದರು. ಸುತ್ತು ಹಾಕಿದ ದಿನ ತಪ್ಪಿಸಿದ್ದು ಎರಡೇ ಸಲ. ಅದು ಈಗಲೂ ನೆನಪಿದೆ ನೋಡಿ. ಅಕ್ಕ, ನಿಮ್ಮ ರೋಸ್ಟರ್ ಎಷ್ಟು ನಂಬಬಹುದು? ಅದನ್ನು ಕೇಳಿ.

ಬಿಸಿಲೆ ಮಂಜು
ಈಗಿನ ಕಂಪನಿಯಲ್ಲಿ ರೋಸ್ಟರ್ ತಿಂಗಳ ಮೊದಲೇ ಬರುತ್ತದೆ, ಆದರೆ ಬದಲಾಗುತ್ತಲೇ ಇರುತ್ತದೆ. ಹೋದ ತಿಂಗಳು ಮಗಳ ಸ್ಕೂಲ್ ಡೇ ಇತ್ತು. ಅವಳು ಜೇನುಹುಳ. ರಜೆ ಹಾಕಿಸಿಕೊಂಡಿದ್ದೆ. ಹಿಂದಿನ ದಿನ ಮಂಜು ಮುಸುಕಿ ವಿಮಾನ ಇಳಿಯಲಾಗದೆ ಬೇರೆ ಊರಿಗೆ ಹೋಯಿತು, ಡ್ಯೂಟಿ ಸಮಯ ಮೀರಿತು, ಅಲ್ಲೇ ರಾತ್ರಿ ಕಳೆದೆ. ಜೇನುಹುಳವನ್ನು ವಿಡಿಯೋದಲ್ಲಿ ನೋಡಿದೆ. ಯಾರದೂ ತಪ್ಪಲ್ಲ.

ಅರಸೀಕೆರೆ ಜಂಕ್ಷನ್
ನಾನು ಅಮೆರಿಕದಲ್ಲಿ ಒಂದು ಸಣ್ಣ ಏರ್‌ಲೈನ್‌ನಲ್ಲಿ ಹಾರಿಸುತ್ತೇನೆ. ಇಲ್ಲಿ ಇದು ದಿನನಿತ್ಯದ ಕಥೆ. ಒಂದು ಊರಲ್ಲಿ ಮನೆ, ಸಾವಿರ ಕಿಲೋಮೀಟರ್ ದೂರದಲ್ಲಿ ಬೇಸ್. ಬೇರೆ ಕಂಪನಿಯ ವಿಮಾನದಲ್ಲೂ ಕಾಕ್‌ಪಿಟ್‌ನ ಜಂಪ್‌ಸೀಟ್ ಎಂಬ ಹೆಚ್ಚುವರಿ ಸೀಟಿನಲ್ಲಿ ಕೂತು ಬರಬಹುದು. ಬೇಸ್ ಊರಿನಲ್ಲಿ ಹತ್ತಾರು ಪೈಲಟ್‌ಗಳು ಸೇರಿ ಬಾಡಿಗೆಗೆ ತೆಗೆದುಕೊಂಡ ಮನೆ, ಬಂಕ್ ಮಂಚ, ಅದನ್ನು ಕ್ರ್ಯಾಶ್ ಪ್ಯಾಡ್ ಅನ್ನುತ್ತಾರೆ. ನಿಮ್ಮ ಸಾದಹಳ್ಳಿ ರೂಮೇ.

ಅದರ ಇನ್ನೊಂದು ಮುಖವೂ ಇದೆ. 2009ರ ಫೆಬ್ರವರಿ 12ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ ಏರ್ 3407 ಬಿದ್ದು 50 ಜನ ಸತ್ತರು. ಅದರ ಕೋ-ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಸರಕು ವಿಮಾನಗಳಲ್ಲಿ ಕೂತು, ಮೆಂಫಿಸ್ ದಾಟಿ, ನೆವಾರ್ಕ್‌ಗೆ ಡ್ಯೂಟಿಗೆ ಬಂದಿದ್ದರು. ಕ್ಯಾಪ್ಟನ್ ಮನೆ ಫ್ಲಾರಿಡಾ, ಅವರು ಸಿಬ್ಬಂದಿ ಕೋಣೆಯಲ್ಲೇ ರಾತ್ರಿ ಕಳೆದಿದ್ದರು. ಓಡಾಟದಿಂದಲೇ ವಿಮಾನ ಬಿತ್ತು.

ಎಡಗಡೆ ಸೀಟು
ಜಂಕ್ಷನ್ ಅವರೇ, ಒಂದು ತಿದ್ದುಪಡಿ. ಓಡಾಟದಿಂದಲೇ ಬಿತ್ತು ಎಂದು ತನಿಖೆ ಹೇಳಲಿಲ್ಲ. ವೇಗ ಕಡಿಮೆಯಾಗಿ ಎಚ್ಚರಿಕೆ ಬಂದಾಗ ಮೂತಿ ಕೆಳಗೆ ಮಾಡುವ ಬದಲು ಕ್ಯಾಪ್ಟನ್ ಮೇಲಕ್ಕೆ ಎಳೆದರು, ಅದು ಕಾರಣ. ದಣಿವು ಇದ್ದಿರಬಹುದು, ಅದರ ಪಾಲು ಎಷ್ಟು ಎಂದು ತೀರ್ಮಾನಿಸಲು ಆಗಲಿಲ್ಲ ಎಂದರು. ಆದರೆ ಆಮೇಲೆ ಅಮೆರಿಕದಲ್ಲಿ ವಿಶ್ರಾಂತಿ ನಿಯಮಗಳೇ ಬದಲಾದವು, 2014ರಿಂದ ಜಾರಿ.

ಯುರೋಪಿನಲ್ಲಿ ಒಂದು ಮಾರ್ಗಸೂಚಿ ಇದೆ. ಮನೆಯಿಂದ ಬೇಸ್‌ಗೆ ಸಾಮಾನ್ಯವಾಗಿ 90 ನಿಮಿಷಕ್ಕಿಂತ ಜಾಸ್ತಿ ಹಿಡಿದರೆ, ಬೇಸ್ ಹತ್ತಿರ ತಾತ್ಕಾಲಿಕ ವಸತಿ ಮಾಡಿಕೊಳ್ಳುವುದನ್ನು ಯೋಚಿಸಿ ಎಂದು. ನಾವು ಹಾಸನದವರು, ಚಿಕ್ಕಮಗಳೂರಿನವರು 90 ನಿಮಿಷದಲ್ಲಿ ಕುಣಿಗಲ್ ದಾಟಿದರೆ ಪುಣ್ಯ.

ಅರಸೀಕೆರೆ ಜಂಕ್ಷನ್
ಸರಿ ಸಾರ್, ಒಪ್ಪಿದೆ. ಜಾಸ್ತಿ ಹೇಳಿಬಿಟ್ಟೆ.

ಬೂವನಹಳ್ಳಿ ಭರವಸೆ
ಹಾಸನದ ಪಕ್ಕದ ನಮ್ಮ ಬೂವನಹಳ್ಳಿ ಏರ್‌ಪೋರ್ಟ್ ಆಗಿಬಿಟ್ಟರೆ ಈ ಗೋಳೇ ಇರುವುದಿಲ್ಲ. ಮನೆಯಿಂದ ಹತ್ತು ನಿಮಿಷ!

ಕೆಎ13 ಸ್ವಾಮಿ
ಬಂದರಪ್ಪ. ಬೂವನಹಳ್ಳಿ ಏರ್‌ಪೋರ್ಟ್ ಆಗುವಷ್ಟರಲ್ಲಿ ಅಕ್ಕನ ಮಗಳೇ ಕ್ಯಾಪ್ಟನ್ ಆಗಿರುತ್ತಾಳೆ.

ಬೂವನಹಳ್ಳಿ ಭರವಸೆ
ನಗಬೇಡಿ. ಶಿವಮೊಗ್ಗದ್ದೂ ಹೀಗೇ ಆಡಿಕೊಳ್ಳುತ್ತಿದ್ದರು. 2023ರಲ್ಲಿ ಕುವೆಂಪು ಹೆಸರಿನಲ್ಲಿ ಶುರುವಾಗಲಿಲ್ವಾ? ಆ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಏರ್ ಡೆಕ್ಕನ್ ಕಟ್ಟಿದ ಪೈಲಟ್ ಗೋಪಿನಾಥ್ ನಮ್ಮ ಜಿಲ್ಲೆಯವರು. ನಮ್ಮಲ್ಲೇ ಏರ್‌ಪೋರ್ಟ್ ಇಲ್ಲ ಅಂದರೆ ನಾಚಿಕೆ.

ಹಳೇ ಗೊರೂರು
ಸ್ವಲ್ಪ ತಡೆಯಿರಿ. ಗೋಪಿನಾಥ್ ಗೊರೂರಿನವರು ಹೌದು, ಏರ್ ಡೆಕ್ಕನ್ 2003ರಲ್ಲಿ ಶುರು ಮಾಡಿದ್ದೂ ಹೌದು. ಆದರೆ ಅವರ ಹೆಸರಿನ ಮುಂದಿನ "ಕ್ಯಾಪ್ಟನ್" ಅಂದರೆ ಸೈನ್ಯದ ಕ್ಯಾಪ್ಟನ್, ವಿಮಾನದ್ದಲ್ಲ. ಸೈನ್ಯ ಬಿಟ್ಟು ಬಂದು ಜಾವಗಲ್ ಕಡೆ ಹೊಲದಲ್ಲಿ ಟೆಂಟ್ ಹಾಕಿಕೊಂಡು ಬೇಸಾಯ ಮಾಡಿದವರು. ಆಮೇಲೆ ಹೆಲಿಕಾಪ್ಟರ್ ಕಂಪನಿ, ಆಮೇಲೆ ಏರ್‌ಲೈನ್.

ಬೂವನಹಳ್ಳಿ ಭರವಸೆ
ಹೌದಾ? ಇಷ್ಟು ದಿನ ಅವರೇ ಹಾರಿಸುತ್ತಿದ್ದರು ಅಂದುಕೊಂಡಿದ್ದೆ.

ಎಡಗಡೆ ಸೀಟು
ಬೂವನಹಳ್ಳಿ ನಾಳೆಯೇ ಶುರುವಾದರೂ ಮಂಜು ಅವರಿಗೆ ಲಾಭ ಕಡಿಮೆ. ಏರ್‌ಪೋರ್ಟ್ ಇದ್ದ ಕಡೆಯೆಲ್ಲ ಪೈಲಟ್ ಬೇಸ್ ಇರುವುದಿಲ್ಲ. ರಾತ್ರಿ ವಿಮಾನಗಳು ಬಂದು ನಿಲ್ಲುವ ದೊಡ್ಡ ಊರಲ್ಲೇ ಬೇಸ್. ಸಣ್ಣ ಊರಿಗೆ ದಿನಕ್ಕೆ ಒಂದೆರಡು ವಿಮಾನ ಬಂದು, ಅರ್ಧ ಗಂಟೆ ನಿಂತು, ಹೋಗುತ್ತದೆ ಅಷ್ಟೆ.

ಕೊಟ್ಟಿಗೆಹಾರ ನೀರ್‌ದೋಸೆ
ಮಂಗಳೂರಿನಿಂದ ಹೋಗಿ ಬಂದರೆ? ಸಕಲೇಶಪುರಕ್ಕೆ ಹತ್ತಿರ ಅಲ್ವಾ?

ಕಾಫಿ ಕಣ
ಜುಲೈನಲ್ಲಿ ಶಿರಾಡಿ ಘಾಟ್ ನೋಡಿದ್ದೀರಾ ಮಾರಾಯ್ರೆ? 2024ರಲ್ಲಿ ರಸ್ತೆಗೂ ಮಣ್ಣು, ಯಡಕುಮರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿತ. "ಸಾರ್, ಗುಡ್ಡ ಕುಸಿದಿದೆ, ವಿಮಾನ ಸ್ವಲ್ಪ ನಿಲ್ಲಿಸಿ" ಅನ್ನಲು ಆಗುತ್ತದಾ? ಚಾರ್ಮಾಡಿ ಬಗ್ಗೆ ನಿಮಗೆ ನಾನು ಹೇಳಬೇಕಾ, ನೀವು ಕೊಟ್ಟಿಗೆಹಾರದವರು.

ಕೊಟ್ಟಿಗೆಹಾರ ನೀರ್‌ದೋಸೆ
ಸರಿ ಬಿಡಿ. ಸುಮ್ನೆ ಕೇಳಿದೆ.

ಲೆಕ್ಕದ ಮೇಷ್ಟ್ರು
ಮೂಲ ವಿಷಯಕ್ಕೆ ಬರೋಣ. ಸಂಬಳ ಒಂದೂವರೆ ಪಟ್ಟು ಅಂದಿರಿ. ಅದರಲ್ಲಿ ಕಳೆಯಿರಿ: ದೆಹಲಿ ರೂಮ್ ಬಾಡಿಗೆ, ಸ್ಟಾಫ್ ಸೀಟು ಸಿಗದಾಗ ಕೈಯಿಂದ ಹಾಕುವ ಟಿಕೆಟ್, ದೇವನಹಳ್ಳಿ ಪಾರ್ಕಿಂಗ್, ಟೋಲು, ಪೆಟ್ರೋಲು. ತೆರಿಗೆ ಮೇಲಿನ ಹಂತಕ್ಕೇ ಬೀಳುತ್ತದೆ. ಹೊಸ ವಿಮಾನ ಹಾರಿಸಲು ಬೇಕಾದ ತರಬೇತಿ, ಅದೇ ಟೈಪ್ ರೇಟಿಂಗ್, ಅದರ ದುಡ್ಡು ಯಾರು ಕಟ್ಟುತ್ತಾರೆ? ಕಂಪನಿ ಕಟ್ಟಿದರೆ ಬಾಂಡ್ ಎಷ್ಟು ವರ್ಷ? ಬಾಂಡ್ ಮೂರು ವರ್ಷ ಇದ್ದು ಬೆಂಗಳೂರು ಬೇಸ್ ಕೊಡದಿದ್ದರೆ ನೀವು ಅಲ್ಲಿಯೇ ಸಿಕ್ಕಿಬಿದ್ದಿರಿ.

ಬಾಯಿಮಾತಿಗೆ ಬೆಲೆ ಇಲ್ಲ. ಆಫರ್ ಲೆಟರ್‌ನಲ್ಲಿ "12 ತಿಂಗಳ ನಂತರ ಬೆಂಗಳೂರು" ಎಂದು ಬರೆಸಿಕೊಳ್ಳಿ.

ಎಡಗಡೆ ಸೀಟು
ಬರೆದುಕೊಡುವುದಿಲ್ಲ. ಯಾಕೆಂದರೆ ಬೇಸ್ ಸೀನಿಯಾರಿಟಿ ಮೇಲೆ ಹೋಗುತ್ತದೆ. ಕಂಪನಿ ಬದಲಿಸಿದ ದಿನ ಮಂಜು ಅವರು ಪಟ್ಟಿಯ ಕೊನೆಗೆ. ದೆಹಲಿಯಲ್ಲಿ ಕೂತು ಬೆಂಗಳೂರಿಗೆ ಕಾಯುತ್ತಿರುವ ಕನ್ನಡದವರು, ತಮಿಳರು, ತೆಲುಗಿನವರು ಎಷ್ಟು ಜನವೋ. ಅವರೆಲ್ಲ ಮುಗಿದ ಮೇಲೆ ಇವರ ಸರದಿ. ನನಗೂ ಮುಂಬೈಯಲ್ಲಿ "ಆರು ತಿಂಗಳು" ಅಂದಿದ್ದರು. ಆಗಿದ್ದು ಮೂರು ವರ್ಷ.

ಇನ್ನೊಂದು, ಇದು ಮುಖ್ಯ. 2017ರ ನಿಯಮದ ಪ್ರಕಾರ ಕೋ-ಪೈಲಟ್‌ಗೆ ನೋಟಿಸ್ ಅವಧಿ 6 ತಿಂಗಳು, ಕ್ಯಾಪ್ಟನ್‌ಗೆ 12 ತಿಂಗಳು. ಇಲ್ಲೇ ಕ್ಯಾಪ್ಟನ್ ಆದ ಮೇಲೆ ಮನಸ್ಸು ಬದಲಿಸಿದರೆ ಒಂದು ವರ್ಷ ಕಾಯಬೇಕು. ಹೋಗುವುದಾದರೆ ಈಗ ಹೋಗುವುದು ಸುಲಭ. ಹಾಗಾಗಿ ನಾನು ಹೋಗಬೇಡಿ ಅನ್ನುತ್ತಿಲ್ಲ. ಜೆಟ್ ಹಾರಿಸಿದ ಗಂಟೆಗಳು ಮುಂದೆ ಎಲ್ಲ ಕಡೆ ಬೆಲೆ ತರುತ್ತವೆ. ಆದರೆ ಕಮಾಂಡ್ ಗಂಟೆಗಳಿಗೂ, ಅಂದರೆ ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆಗಳಿಗೂ, ಬೆಲೆ ಇದೆ. ಎಟಿಆರ್ ಕ್ಯಾಪ್ಟನ್ ಆಗಿ ಎರಡು ವರ್ಷ ಹಾರಿಸಿ ಆಮೇಲೆ ಜೆಟ್‌ಗೆ ಹೋದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅರಸೀಕೆರೆ ಜಂಕ್ಷನ್
ಸ್ಟ್ಯಾಂಡ್‌ಬೈ ಎಷ್ಟು ದಿನ ಎಂದು ಕೇಳಿದಿರಾ? ಅದನ್ನು ಎಲ್ಲರೂ ಮರೆಯುತ್ತಾರೆ. ಹಾರಾಟ ಇಲ್ಲ, ಆದರೆ ಕರೆದರೆ ಹೋಗಬೇಕು. ಊರಲ್ಲಿ ಮನೆ ಇದ್ದವನಿಗೆ ಅದು ಅರ್ಧ ರಜೆ. ಮಗುವಿಗೆ ಹೋಂವರ್ಕ್ ಮಾಡಿಸುತ್ತಾ ಫೋನ್ ಪಕ್ಕದಲ್ಲಿ ಇಟ್ಟುಕೊಂಡರೆ ಆಯಿತು. ಹೊರಗಿನವನಿಗೆ ಅದು ಬಂಕ್ ಮಂಚದ ಮೇಲೆ ಮಲಗಿ ಸೀಲಿಂಗ್ ನೋಡುವ ದಿನ. ನನ್ನ ಜೀವನದ ಅತಿ ಬೇಜಾರಿನ ದಿನಗಳು ಅವೇ.

ಬಿಸಿಲೆ ಮಂಜು
ನಿಜ. ಸಾದಹಳ್ಳಿಯಲ್ಲಿ ಸ್ಟ್ಯಾಂಡ್‌ಬೈ ದಿನ ನಾನು ಮಾಡುವ ಕೆಲಸ ಅಂದರೆ ಕಾಫಿ ಸೋಸುವುದು. ಮೂವರಿಗೆ ದಿನಕ್ಕೆ ಒಂಬತ್ತು ಲೋಟ. ತೋಟದ ಪುಡಿ ಖಾಲಿ.

ಕಾಫಿ ಕಣ
ನನಗೆ ಒಂದು ಅರ್ಥ ಆಗುತ್ತಿಲ್ಲ. ಮಂಜಕ್ಕ ಯಾಕೆ ಹಾಸನಕ್ಕೆ ಓಡಬೇಕು? ಮನೆಯನ್ನೇ ಬೆಂಗಳೂರು ಕಡೆ ತಂದರೆ? ಗಂಡ ತೋಟಕ್ಕೆ ಓಡಾಡಲಿ. ತೋಟಕ್ಕೆ ರೋಸ್ಟರ್ ಇಲ್ಲ, ಸ್ಟ್ಯಾಂಡ್‌ಬೈ ಇಲ್ಲ.

ಮಗ್ಗೆ ಗೌಡ್ರು
ತೋಟಕ್ಕೆ ಸ್ಟ್ಯಾಂಡ್‌ಬೈ ಇಲ್ವಾ? ಯಾರಪ್ಪ ಹೇಳಿದ್ದು? ನಮ್ಮ ಆಲೂರು ಕಡೆ ಆನೆ ಬಂದಿದೆ ಎಂದು ರಾತ್ರಿ ಹನ್ನೊಂದಕ್ಕೆ ಮೊಬೈಲ್‌ಗೆ ಮೆಸೇಜ್ ಬರುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ಬೈನೆ ಮರ ನೆಲಕ್ಕೆ, ಹತ್ತು ವರ್ಷದ ಕಾಫಿ ಗಿಡ ಸೊಂಟ ಮುರಿದುಕೊಂಡು ಬಿದ್ದಿರುತ್ತದೆ. ಕೊಯ್ಲಿಗೆ ಆಳು ಸಿಗುವುದಿಲ್ಲ, ಅಸ್ಸಾಂನಿಂದ ಬಂದವರನ್ನು ಪಕ್ಕದ ತೋಟದವರು ಇನ್ನೂ ಇಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟು ಕರೆದುಕೊಂಡು ಹೋಗುತ್ತಾರೆ. ಕಣದಲ್ಲಿ ಒಣ ಹಾಕಿದ್ದು ಕಳುವಾಗುತ್ತದೆ. ಮಾಲೀಕ ನೆಲಮಂಗಲದಲ್ಲಿ ಕೂತರೆ ತೋಟ, ಆಳುಗಳನ್ನು ನೋಡಿಕೊಳ್ಳುವ ರೈಟರ್‌ದಾಗುತ್ತದೆ.

ಕಾಫಿ ಕಣ
ಗೌಡ್ರೇ, ನಂದೂ ತೋಟವೇ. ಡಿಸೆಂಬರ್‌ನಿಂದ ಫೆಬ್ರವರಿ ಕೊಯ್ಲು, ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್, ಮಳೆಗೆ ಮುಂಚೆ ಗೊಬ್ಬರ, ಔಷಧಿ. ಈ ದಿನಗಳಲ್ಲಿ ಅಲ್ಲೇ ಇರಲೇಬೇಕು. ಉಳಿದ ತಿಂಗಳಲ್ಲಿ ವಾರಕ್ಕೆ ಎರಡು ದಿನ ಸಾಕು. ನಮ್ಮ ಅರ್ಧ ಮಲೆನಾಡು ಬೆಂಗಳೂರಿನಲ್ಲಿ ಕೂತು ತೋಟ ಮಾಡುತ್ತಿದೆ. ಎಲ್ಲರದೂ ರೈಟರ್‌ದಾಯಿತಾ?

ಮಗ್ಗೆ ಗೌಡ್ರು
ಅರ್ಧದಷ್ಟು ಜನರದು ಆಗಿದೆ. ಅವರಿಗೆ ಗೊತ್ತಾಗಿಲ್ಲ ಅಷ್ಟೆ.

ಲೆಕ್ಕದ ಮೇಷ್ಟ್ರು
ನೆಲಮಂಗಲದಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಗೊರಗುಂಟೆಪಾಳ್ಯದ ಟ್ರಾಫಿಕ್ಕೂ ಇಲ್ಲ, ಹೆಬ್ಬಾಳದ್ದೂ ಇಲ್ಲ. ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿದರೆ ಏರ್‌ಪೋರ್ಟ್ ಹತ್ತಿರ, ಹಾಸನದ ರಸ್ತೆಯೂ ಹತ್ತಿರ. ಬಾಡಿಗೆಯೂ ಯಲಹಂಕದಷ್ಟಿಲ್ಲ.

ಡಿಪೋ ಮಗಳು
ಅತ್ತೆ, ಮಾವ ಬರುತ್ತಾರಾ? ಅದನ್ನು ಯಾರೂ ಕೇಳಲಿಲ್ಲ. ಎಪ್ಪತ್ತು ದಾಟಿದವರಿಗೆ ಹಾಸನದ ಡಾಕ್ಟರ್, ಹಾಸನದ ಹೂವಿನವಳು, ಸಂಜೆ ಕೂರುವ ಜಗುಲಿ ಎಲ್ಲ ಬಿಟ್ಟು ದೊಡ್ಡಬಳ್ಳಾಪುರ ಅಂದರೆ ಅದೂ ದೆಹಲಿಯೇ.

ಬಿಸಿಲೆ ಮಂಜು
ಅತ್ತೆಯನ್ನು ನಿನ್ನೆ ರಾತ್ರಿ ಕೇಳಿದೆ. "ನೀನು ಎಲ್ಲಿಗಾದರೂ ಹೋಗು, ನನ್ನ ಹಸು ಎಲ್ಲಿಗೆ ಹೋಗಬೇಕು?" ಅಂದರು. ಹಿತ್ತಲಲ್ಲಿ ಒಂದೇ ಹಸು ಇದೆ.

ಅಂದಹಾಗೆ ನಮ್ಮತ್ತೆಯ ಇನ್ನೊಂದು ಕಥೆ ಇದೆ. ನಾನು ಹೊರಡುವಾಗಲೆಲ್ಲ ಸುಸ್ತಿಗೆ ಒಳ್ಳೆಯದು ಎಂದು ದಶಮೂಲಾರಿಷ್ಟದ ಬಾಟಲಿ ಬ್ಯಾಗಿಗೆ ಹಾಕುತ್ತಾರೆ. ಹಾರುವ ಮುಂಚೆ ಉಸಿರು ಪರೀಕ್ಷೆ ಇರುತ್ತದೆ, ಅದರಲ್ಲಿ ಚೂರೂ ಆಲ್ಕೋಹಾಲ್ ಕಾಣಿಸಬಾರದು ಎಂದು ನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ. "ಅದು ಔಷಧಿ ಕಣೆ, ಸಾರಾಯಿ ಅಲ್ಲ" ಅನ್ನುತ್ತಾರೆ. ಸಾದಹಳ್ಳಿ ಕಪಾಟಿನಲ್ಲಿ ಆರು ಬಾಟಲಿ ಇವೆ.

ಕೆಎ13 ಸ್ವಾಮಿ
ಆ ಆರು ಬಾಟಲಿ ಕೊರಿಯರ್ ಮಾಡಿ ಅಕ್ಕ. ನಾನೇನು ಹಾರಿಸುವುದಿಲ್ಲ.

ಎಡಗಡೆ ಸೀಟು
ನಗಬೇಡಿ, ಅರಿಷ್ಟದಲ್ಲಿ ನಿಜವಾಗಿಯೂ ಆಲ್ಕೋಹಾಲ್ ಇರುತ್ತದೆ. ಹುದುಗಿಸಿಯೇ ಮಾಡುವುದು. ಮೌತ್‌ವಾಶ್ ಕೂಡ ಬೇಡ. ಮಲೆನಾಡಿನ ಮದುವೆಗೆ ಹೋದರೆ ನನ್ನ ಕೈಯಲ್ಲಿ ಮಜ್ಜಿಗೆ ಲೋಟವೇ. ನೆಂಟರು ಜಂಬ ಅನ್ನುತ್ತಾರೆ.

ಮರಳುಗಾಡಿನ ಮಲ್ಲಿಗೆ
ಮಂಜು, ಗಂಡ ಏನು ಹೇಳುತ್ತಾರೆ? ಇಷ್ಟು ಜನ ಮಾತಾಡಿದೆವು, ಅವರ ಮಾತು ಬರಲೇ ಇಲ್ಲ.

ಬಿಸಿಲೆ ಮಂಜು
ಅವರು ಜಾಸ್ತಿ ಮಾತಾಡುವವರಲ್ಲ. "ನಿನಗೆ ಬೇಕು ಅನಿಸಿದರೆ ಹೋಗು" ಅಂದರು ಮೊದಲು. ಆ ಮಾತು ನನಗೆ ಇಷ್ಟವಾಗಲಿಲ್ಲ. ಅದು ಒಪ್ಪಿಗೆಯಾ, ಕೋಪವಾ ಗೊತ್ತಾಗುವುದಿಲ್ಲ.

ನಿನ್ನೆ ಮೇಷ್ಟ್ರ ಲೆಕ್ಕ, ಕ್ಯಾಪ್ಟನ್ ಸಾರ್ ಅವರ 61 ರಾತ್ರಿ ಎರಡನ್ನೂ ತೋರಿಸಿದೆ. ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಕೂತು ಹೋದ ಮೂರು ತಿಂಗಳ ನನ್ನ ರಾತ್ರಿಗಳನ್ನು ಎಣಿಸಿದೆವು. 90ರಲ್ಲಿ 22. ಆಗ ಅವರು ಹೇಳಿದ್ದು: "ತಿಂಗಳಿಗೆ ಏಳು ರಾತ್ರಿ. ಬುಧವಾರ ಜ್ವರ ಬಂದರೆ ಪುಟ್ಟಿ ನನ್ನನ್ನೇ ಕೂಗುತ್ತಾಳೆ. ಅದು ನನಗೆ ಭಾರ ಅಲ್ಲ. ಆದರೆ ನೀನು ಬಂದ ದಿನ ಅವಳು ಅರ್ಧ ದಿನ ನಿನ್ನ ಹತ್ತಿರ ಬರುವುದಿಲ್ಲವಲ್ಲ, ಆಗ ನಿನ್ನ ಮುಖ ನೋಡುವುದು ಕಷ್ಟ." ಅದು ನಿಜ. ಮೊದಲ ಅರ್ಧ ದಿನ ಅವಳು ನನ್ನನ್ನು ನೆಂಟರ ಹಾಗೆ ನೋಡುತ್ತಾಳೆ.

ಡಿಪೋ ಮಗಳು
ಅಕ್ಕ, ಅರ್ಧ ದಿನ ಅಷ್ಟೇ ತಾನೆ. ನಾನು ಒಂದು ದಿನ ಪೂರ್ತಿ ಮಾಡುತ್ತಿದ್ದೆ. ಆಮೇಲೆ ಅಪ್ಪನ ಹೆಗಲ ಮೇಲಿಂದ ಇಳಿಯುತ್ತಿರಲಿಲ್ಲ.

ಅಡಿಕೆ ಗೊನೆ
ಅಕ್ಕ, ನಾನು ಮೊದಲು ಹೇಳಿದ್ದನ್ನು ಬಿಟ್ಟುಬಿಡಿ. ನಮ್ಮಪ್ಪ ಎಂಟು ತಿಂಗಳು ಮಂಡಿಯಲ್ಲಿ ಇರುತ್ತಿದ್ದರು ಅಂದೆನಲ್ಲ. ಇವತ್ತು ಅಮ್ಮನಿಗೆ ಈ ಚರ್ಚೆ ಓದಿ ಹೇಳಿದೆ. "ನೀವೇನು ಹಾಳಾಗಲಿಲ್ಲ, ನಾನು ಹಾಳಾದೆ" ಅಂದರು. ಎದ್ದು ಒಳಗೆ ಹೋದರು. ಇನ್ನೂ ಮಾತಾಡಿಲ್ಲ.

ಕೊಟ್ಟಿಗೆಹಾರ ನೀರ್‌ದೋಸೆ
ಹೋಗಿ ಮಾತಾಡಿಸಿ ಗೊನೆ. ಇಲ್ಲೇನು ಟೈಪ್ ಮಾಡುತ್ತಿದ್ದೀರಿ.

ಅರಸೀಕೆರೆ ಜಂಕ್ಷನ್
ಮೂರು ವಾರ ಆಯಿತು. ಮಂಜು ಅವರೇ, ಏನಾಯಿತು?

ಬಿಸಿಲೆ ಮಂಜು
ಬೇಸ್ ವಿಷಯ ಲೆಟರ್‌ನಲ್ಲಿ ಬರೆದುಕೊಡಿ ಅಂದೆ. ಕ್ಯಾಪ್ಟನ್ ಸಾರ್ ಹೇಳಿದ ಹಾಗೇ, ಆಗುವುದಿಲ್ಲ ಅಂದರು. ಬಾಂಡ್ ಮಾತ್ರ ಬರೆದಿತ್ತು, ದಪ್ಪ ಅಕ್ಷರದಲ್ಲಿ. ಬೇಡ ಅಂದೆ. ಎರಡು ದಿನ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಮೊನ್ನೆ ಬೆಳಗ್ಗೆ ಟ್ಯಾಕ್ಸಿವೇಯಲ್ಲಿ ನಮ್ಮ ಮುಂದೆ ಒಂದು ಎ320 ಹೋಗುತ್ತಿತ್ತು, ಅದರ ಬಾಲವನ್ನೇ ನೋಡುತ್ತಾ ಕೂತೆ. ಪಕ್ಕದ ಸೀಟಿನ ಕ್ಯಾಪ್ಟನ್ "ಏನಮ್ಮ, ಲಿಫ್ಟ್ ಕೇಳಲಾ?" ಅಂದರು.

ಜೂನ್‌ನಿಂದ ದೊಡ್ಡಬಳ್ಳಾಪುರದಲ್ಲಿ ಸಣ್ಣ ಮನೆ. ನಾನು, ಮಗಳು, ಮತ್ತು ನಮ್ಮಮ್ಮ ಬರುತ್ತಾರೆ. ಗಂಡ ಮಳೆಗಾಲದಲ್ಲಿ ವಾರಕ್ಕೆ ನಾಲ್ಕು ದಿನ ಇಲ್ಲಿ, ಕೊಯ್ಲಿನಲ್ಲಿ ಪೂರ್ತಿ ಅಲ್ಲಿ. ಅತ್ತೆ, ಮಾವ, ಹಸು ಹಾಸನದಲ್ಲೇ. ಒಂದು ವರ್ಷ ನೋಡೋಣ ಅಂದುಕೊಂಡಿದ್ದೇವೆ. ಮಗಳು ಹೊಸ ಸ್ಕೂಲ್ ಬೇಡ ಎಂದು ಹಠ ಹಿಡಿದಿದ್ದಾಳೆ.

ಮಗ್ಗೆ ಗೌಡ್ರು
ರೈಟರ್ ಮೇಲೆ ಒಂದು ಕಣ್ಣಿಡಲು ಹೇಳಿ ನಿಮ್ಮ ಯಜಮಾನರಿಗೆ. ಈ ಸಲ ರೊಬಸ್ಟಾ ಎಷ್ಟು ಮೂಟೆ ಆಯಿತು?

ಬಿಸಿಲೆ ಮಂಜು
ಅವರನ್ನೇ ಕೇಳಿ ಹೇಳುತ್ತೇನೆ ಗೌಡ್ರೇ. ನಾಳೆ ಬೆಳಗ್ಗೆ 4:50ಕ್ಕೆ ರಿಪೋರ್ಟಿಂಗ್ ಇದೆ. ಮಲಗುತ್ತೇನೆ.